ಜೇಬಿನಲ್ಲಿದ್ದ ಕಂಕಣ

"ಕೈ ಇತ್ಲಾಗ ಕೊಡ್ರಿ ಸಾಹೇಬ್ರ, ಕಂಕಣ ಕಟ್ತೀನಿ. ಮದುವ್ಯಾಗ ಕಟ್ಟಿದ್ದು ಒಂದಾತು, ಇದು ಎರಡನೇದು," ಎಂದರು ಸಿಸ್ಟರ್ ದುರ್ಗವ್ವ.

ದಿವ್ಯ ನಕ್ಕಳು. ಆಸ್ಪತ್ರೆಯ ಹಸಿರು ಗೌನು ತೊಟ್ಟು ಮಂಚದ ಅಂಚಿಗೆ ಕೂತಿದ್ದ ಅವಳ ಕೈಗೆ ಆಗಲೇ ಬಿಳಿ ಪ್ಲಾಸ್ಟಿಕ್ ಬ್ಯಾಂಡ್ ಬಿದ್ದಿತ್ತು. ಭೈರೇಶ್ ಮಾತ್ರ ನಗಲಿಲ್ಲ. ಅಂಗಿಯ ತೋಳನ್ನು ಒಂಚೂರೇ ಮೇಲಕ್ಕೆ ಸರಿಸಿ ಗಂಡನಾದವನು ಒಪ್ಪಿಸಲೇಬೇಕಾದ ಕೈಯನ್ನು ಒಪ್ಪಿಸಿದ.

"ಸ್ವಲ್ಪ ಲೂಸಾಗಿ ಹಾಕಿ ಸಿಸ್ಟರ್. ಟೈಟಾದ್ರೆ ನಂಗೆ ಕೆರೆತ ಬರುತ್ತೆ."

"ಲೂಸ್ ಆದ್ರ ಜಾರತೈತ್ರಿ."

"ಜಾರಲ್ಲ. ನಾನು ನೋಡ್ಕೋತೀನಿ."

ಕೆರೆತವೂ ಇಲ್ಲ, ಗಿರೆತವೂ ಇಲ್ಲ. ಬೇಕೆಂದಾಗ ಬಿಚ್ಚಲು ಬರುವಂತಿರಲಿ ಎನ್ನುವುದೊಂದೇ ಅವನ ಮನಸ್ಸಿನಲ್ಲಿದ್ದದ್ದು. ಬಾಪೂಜಿನಗರದಲ್ಲಿ ಮೂರಂತಸ್ತಿನ ಮನೆ, ಮೈಸೂರು ರಸ್ತೆಯ ಮೇಲೆ ಪೇಂಟ್ ಅಂಗಡಿ, ತೀರಿಕೊಂಡ ಕೆಂಪಯ್ಯನವರ ಒಬ್ಬನೇ ಮಗ. ಅಂಗಡಿಯಿಂದ ದೀಪಾಂಜಲಿನಗರದ ಮೆಟ್ರೋ ತನಕ ನಡೆದರೆ ಸಾಕು, ದಾರಿಯುದ್ದಕ್ಕೂ "ಏನ್ ಭೈರೇಶಣ್ಣ, ಊಟ ಆಯ್ತಾ?" ಎನ್ನುವವರೇ. ಮಕ್ಕಳಾಗುವ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ವಿಜಯನಗರದಲ್ಲೂ ಇದ್ದವು. ಆದರೆ ಅಲ್ಲಿ ಮೆಟ್ಟಿಲು ಹತ್ತಿದರೆ ಅವನು ಮನೆ ಸೇರುವ ಮೊದಲೇ ಸುದ್ದಿ ಹೋಗಿ ಜಗುಲಿಯ ಮೇಲೆ ಕೂತಿರುತ್ತದೆ. ಅದಕ್ಕೇ ಹುಡುಕಿ ಹುಡುಕಿ ರಾಜಾಜಿನಗರದ ಈ ಆಸ್ಪತ್ರೆಗೆ ಬಂದಿದ್ದು. ತಾಯಿ ಬೋರಮ್ಮನಿಗೆ, ದಿವ್ಯಳ ಕಡೆಯವರ ಗೃಹಪ್ರವೇಶ ಎಂದು ಹೇಳಿ ಬಂದಿದ್ದರು.

ಇನ್ನೊಂದು ವಿಷಯವನ್ನಂತೂ ಬೋರಮ್ಮನಿಗೆ ಯಾರೂ ಹೇಳಿರಲಿಲ್ಲ. ತೊಂದರೆ ಇದ್ದದ್ದು ಭೈರೇಶನಲ್ಲಿ. ವೀರ್ಯದಲ್ಲಿ ವೀರ್ಯಾಣುಗಳು ತೀರಾ ಕಡಿಮೆ ಎಂದು ಡಾಕ್ಟರು ಮೊದಲ ಭೇಟಿಯಲ್ಲೇ ಹೇಳಿದ್ದರು. ಬೋರಮ್ಮ ಮಾತ್ರ ಇವತ್ತಿಗೂ ಸೊಸೆಗೇ ಸೊಪ್ಪು ಅರೆದು ಕುಡಿಸುತ್ತಿದ್ದರು, ಸೊಸೆಯ ಜಾತಕವನ್ನೇ ಕೇಳಿಸುತ್ತಿದ್ದರು, ನೆಂಟರ ಮುಂದೆ "ನಮ್ ಹುಡ್ಗಿಗೆ ಹೊಟ್ಟೆ ತಂಪಾಗ್ಲಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು. ದಿವ್ಯ ಆ ಕಹಿಯನ್ನು ಕುಡಿದು ಲೋಟ ತೊಳೆದಿಡುತ್ತಿದ್ದಳು. "ಒಂದಿನ ನಾನೇ ಹೇಳ್ತೀನಿ ಬಿಡೇ," ಎನ್ನುತ್ತಿದ್ದ ಭೈರೇಶ್. ಆ ಒಂದು ದಿನ ಇನ್ನೂ ಬಂದಿರಲಿಲ್ಲ.

ಬ್ಯಾಂಡಿನ ವಿಷಯವನ್ನು ಲ್ಯಾಬಿನ ಕೀರ್ತನಾ ಮೇಡಂ ಹಿಂದಿನ ವಾರವೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಅಂಡಾಣು, ವೀರ್ಯ ಎರಡನ್ನೂ ಸೇರಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುವ ಕೆಲಸ ಅವರದು.

"ಇದರೊಳಗೆ ಸಣ್ಣ ಚಿಪ್ ಇದೆ. ನಿಮ್ಮಿಬ್ಬರ ಸ್ಯಾಂಪಲ್ ಯಾವ ಡಬ್ಬಿಗೆ ಹೋದ್ರೂ, ಯಾವ ತಟ್ಟೆಗೆ ಹೋದ್ರೂ ಅದರ ತಳಕ್ಕೂ ನಿಮ್ಮದೇ ಚಿಪ್ ಅಂಟಿಸಿರ್ತೀವಿ. ಟೇಬಲ್ ಮೇಲಿಟ್ಟ ತಕ್ಷಣ ಮೆಷಿನ್ ಓದುತ್ತೆ. ಸರಿಯಿದ್ರೆ ಹಸಿರು ಲೈಟು. ಬೇರೆಯವರದು ಪಕ್ಕಕ್ಕೆ ಬಂತೋ, ಕೆಂಪು ಲೈಟು, ಕೂಗು. ಮುಂದಕ್ಕೆ ಕೆಲಸಾನೇ ಮಾಡಕ್ಕೆ ಬಿಡಲ್ಲ."

"ಇದು ಬರೋಕ್ಮುಂಚೆ ಹೇಗೆ ಮಾಡ್ತಿದ್ರಿ ಮೇಡಂ?" ಎಂದು ದಿವ್ಯ ಕೇಳಿದ್ದಳು.

"ಒಬ್ಬರು ಹೆಸರು ಓದೋದು, ಇನ್ನೊಬ್ಬರು ನೋಡಿ ಹೂಂ ಅನ್ನೋದು. ಮನುಷ್ಯರಲ್ವಾ? ಸುಸ್ತಾದಾಗ ನೋಡ್ದೇನೇ ಹೂಂ ಅಂದ್ಬಿಡ್ತೀವಿ. ನಾನೂ ಅಂದಿದೀನಿ. ಏನೂ ಹೆಚ್ಚುಕಮ್ಮಿ ಆಗ್ಲಿಲ್ಲ, ನನ್ನ ಪುಣ್ಯ. ಮೆಷಿನ್ ನೋಡ್ದೇ ಹೂಂ ಅನ್ನಲ್ಲ." ಆಮೇಲೆ ಭೈರೇಶನ ಕಡೆ ತಿರುಗಿ, "ಆದ್ರೆ ಸಾರ್, ಚಿಪ್ಪಿಗೆ ಗೊತ್ತಾಗೋದು ಡಬ್ಬಿ ಯಾರದು ಅಂತ ಮಾತ್ರ. ಒಳಗಿರೋದು ಯಾರದು ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಕೈಯಿಂದ ಸೀದಾ ನಮ್ಮ ಕೈಗೇ ಬರ್ಬೇಕು. ಮಧ್ಯೆ ಎಲ್ಲೂ ಇಡೋ ಹಾಗಿಲ್ಲ, ಬ್ಯಾಂಡ್ ಬಿಚ್ಚೋ ಹಾಗಿಲ್ಲ. ಆಯ್ತಾ?"

ಭೈರೇಶ್ "ಹೂಂ" ಎಂದಿದ್ದ. ಅವನ ಗಮನವೆಲ್ಲ ಬಾಗಿಲ ಕಡೆಗಿತ್ತು. ಹೊರಗೆ ಕೂತವರಲ್ಲಿ ಗುರುತಿನವರು ಯಾರಾದರೂ ಇದ್ದಾರೋ ಎಂದು.

ಈಗ ದುರ್ಗವ್ವ ಗಾಲಿಮಂಚವನ್ನು ಆಪರೇಷನ್ ಕೋಣೆಯ ಕಡೆಗೆ ತಳ್ಳಿದರು. ದಿವ್ಯ ಮಲಗಿದಲ್ಲಿಂದಲೇ ತಲೆ ತಿರುಗಿಸಿ ಕೇಳಿದಳು:

"ರೀ, ಇಲ್ಲೇ ಇರ್ತೀರಲ್ವಾ?"

"ಇನ್ನೆಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ ಹೋಗು."

ಅವಳು ಹೊರಗೆ ಬರುವಷ್ಟರಲ್ಲಿ ಅವನ ಪಾಲಿನ ಕೆಲಸ ಮುಗಿಯಬೇಕಿತ್ತು. ಲ್ಯಾಬಿನ ಕಿಟಕಿಯ ಹತ್ತಿರ ಕಪ್ಪು ಹಲಗೆಯಂಥದೊಂದು ಇತ್ತು. ಬ್ಯಾಂಡನ್ನು ಅದರ ಮೇಲೆ ಹಿಡಿದ. ಹಸಿರು. ಡಬ್ಬಿ ಕೊಟ್ಟರು. ಜನ ಕಾದು ಕೂರುವ ಹಾಲಿನ ಮೂಲೆಯ ಚಿಕ್ಕ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಒಂದು ಬೆಂಚು, ಕೈ ತೊಳೆಯುವ ಬೇಸಿನ್ನು, ಅದರ ಪಕ್ಕದ ಕಲ್ಲುಹಲಗೆಯ ಮೇಲೆ ಮಡಚಿ ಎಸೆದಿದ್ದ ದಿನಪತ್ರಿಕೆ. ಹೊರಗಿನ ಹಾಲಿನಲ್ಲಿ ಮಂದಿ ಮಾತಾಡುವುದು ಕೇಳುತ್ತಿರುವಾಗ ಒಳಗೆ ಕೂತವನ ಪಾಡು ಕೇಳುವುದೇ ಬೇಡ. ಅಂತೂ ಕೆಲಸ ಮುಗಿಸಿ, ಡಬ್ಬಿಯ ಮುಚ್ಚಳ ತಿರುಗಿಸಿ, ಕೈ ತೊಳೆದು ಬಾಗಿಲನ್ನು ಒಂದಿಷ್ಟೇ ತೆಗೆದ.

ಎದುರಿಗೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮುತ್ತುರಾಜ ಕೂತಿದ್ದ.

ಮುತ್ತುರಾಜ ಅವರ ಮನೆಯ ಎರಡನೇ ಮಹಡಿಯ ಬಾಡಿಗೆದಾರ. ಗದಗದ ಕಡೆಯವನು, ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ. ದಿನಾ ಮೆಟ್ಟಿಲು ಇಳಿಯುವಾಗ "ಬರ್ತೀನ್ರಿ ಅಣ್ಣಾರ" ಎಂದು ಹೇಳಿಯೇ ಹೋಗುವ ಹುಡುಗ. ಅವನ ಕೈಯಲ್ಲೂ ಬಿಳಿ ಬ್ಯಾಂಡು.

ಭೈರೇಶ್ ಬಾಗಿಲನ್ನು ಮತ್ತೆ ಮುಚ್ಚಿದ. ಡಬ್ಬಿ ಹಿಡಿದು ಅವನ ಮುಂದೆಯೇ ಹೋಗಿ ಕಿಟಕಿಯಲ್ಲಿ ಕೊಡುವುದೇ? ನಾಳೆ ಬೆಳಗ್ಗೆ ಇವನು ಮೆಟ್ಟಿಲಿಳಿಯುವಾಗ ಯಾವ ಮುಖ ಇಟ್ಟುಕೊಂಡು ನೋಡಲಿ? ಅವನು ಯೋಚಿಸಿದ್ದು ಅಷ್ಟೇ. ಡಬ್ಬಿಯನ್ನು ಕಲ್ಲುಹಲಗೆಯ ಮೇಲಿಟ್ಟು ದಿನಪತ್ರಿಕೆ ಹೊದಿಸಿದ. ಲೂಸಾಗಿದ್ದ ಬ್ಯಾಂಡನ್ನು ಬೆರಳುಗಳಿಂದ ಜಾರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಹುಡುಗ ಆಚೆ ಈಚೆ ಹೋದಮೇಲೆ ಬಂದು ಕೊಟ್ಟರಾಯಿತು ಎಂದುಕೊಂಡು, ಕೈ ತೊಳೆಯಲು ಹೋಗಿದ್ದವನ ಹಾಗೆ ಕರವಸ್ತ್ರದಲ್ಲಿ ಕೈ ಒರೆಸುತ್ತ ಹೊರಗೆ ಬಂದ.

"ಅಣ್ಣಾರ! ನೀವು ಇಲ್ಲಿ?"

"ಏ ಮುತ್ತು! ಅದು... ದಿವ್ಯನ ಚಿಕ್ಕಮ್ಮನ ಮಗಳು ಬಂದಿದಾಳೆ. ಗಂಡ ಊರಲ್ಲಿಲ್ಲ. ಅದಕ್ಕೆ ನಾನು ಜೊತೇಲಿ ಬಂದೆ."

"ಪುಣ್ಯದ ಕೆಲಸ ಬಿಡ್ರಿ. ಕೂಡ್ರಿ, ಕೂಡ್ರಿ," ಎಂದು ಮುತ್ತುರಾಜ ಎದ್ದು ತನ್ನ ಕುರ್ಚಿ ಕೊಟ್ಟು ಪಕ್ಕದ್ದರಲ್ಲಿ ಕೂತ. ಕೇಳುವ ಮೊದಲೇ ಕೈ ಎತ್ತಿ ತೋರಿಸಿದ. "ನೋಡ್ರಿ, ನಮಗೂ ಕಟ್ಯಾರ. ಶಿಲ್ಪಾ ಒಳಗದಾಳ. ಅಕಿದು ನಳಿ ಮುಚ್ಚೈತಂತ್ರಿ. ಅದಕ್ಕ ಹಿಂಗ ಹೊರಗ ಮಾಡಿ ಒಳಗ ಇಡ್ತಾರಂತ. ಏನ್ ಕಾಲ ಬಂದೈತಿ ನೋಡ್ರಿ ಅಣ್ಣಾರ!"

ಹೆಂಡತಿಯ ನಳಿಕೆಯ ವಿಷಯವನ್ನು ಇವನು ಬಸ್ಸು ಲೇಟಾದ ವಿಷಯ ಹೇಳುವ ಹಾಗೆ ಹೇಳಿಬಿಟ್ಟನಲ್ಲ ಎಂದು ಭೈರೇಶನಿಗೆ ಕಸಿವಿಸಿಯಾಯಿತು. ಆಮೇಲೆ ಒಂದು ಬಗೆಯ ಹೊಟ್ಟೆಕಿಚ್ಚೂ ಆಯಿತು.

ಮುತ್ತುರಾಜ ದನಿ ತಗ್ಗಿಸಿದ. "ಒಂದ್ ಮಾತ್ರಿ. ಅಮ್ಮಾರಿಗೆ ಈಗ ಹೇಳಬ್ಯಾಡ್ರಿ. ಮನಿ ಕೊಡುವಾಗ 'ಇಬ್ರೇ ತಾನೆ? ಮಕ್ಳು ಮರಿ ಇದ್ರೆ ಗೋಡೆ ಎಲ್ಲಾ ಗೀಚ್ತವೆ, ನಾನು ಕೊಡಲ್ಲ' ಅಂದಿದ್ರು. ಕೂಸು ಆದ್ರ ಮನಿ ಬಿಡಸ್ತಾರೇನ್ರಿ?"

"ಛೆ ಛೆ! ಅಮ್ಮ ಮಾತಾಡೋದೇ ಹಂಗೆ. ನಾನಿಲ್ವೇನೋ? ಗೀಚಿದ್ರೆ ಗೀಚ್ಲಿ, ನಮ್ಮ ಅಂಗ್ಡೀಲಿ ಪೇಂಟ್‌ಗೇನು ಬರ ಬಂದಿದ್ಯಾ?" ಎಂದು ಭೈರೇಶ್ ಅವನ ಬೆನ್ನು ತಟ್ಟಿದ. ದೊಡ್ಡ ಮನುಷ್ಯನ ಈ ಮಾತು ಅವನ ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ, ಜೇಬಿನಲ್ಲಿದ್ದ ಬ್ಯಾಂಡ್ ಒಂದು ಕ್ಷಣ ಮರೆತೇ ಹೋಯಿತು.

"ಮುತ್ತುರಾಜ, ಬಾ ತಮ್ಮಾ," ಎಂದು ಕಿಟಕಿಯಿಂದ ದುರ್ಗವ್ವ ಕರೆದರು. ಬ್ಯಾಂಡ್ ತೋರಿಸಿದ, ಹಸಿರು ಹತ್ತಿತು, ಡಬ್ಬಿ ಸಿಕ್ಕಿತು. ಅವನು ನೆಟ್ಟಗೆ ಮೂಲೆಯ ಕೋಣೆಗೇ ನಡೆದ. ಇದ್ದದ್ದೇ ಅದೊಂದು ಕೋಣೆ.

ಭೈರೇಶ್ ಕುರ್ಚಿಯಿಂದ ಅರ್ಧ ಎದ್ದ. 'ಒಂದು ನಿಮಿಷ ಇರು ಮುತ್ತು, ನಂದೊಂದು ಒಳಗಿದೆ' ಎನ್ನಬೇಕಿತ್ತು. ಅಷ್ಟೇ ಮಾತು. ನಾಲಿಗೆ ಏಳಲಿಲ್ಲ. ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದು ಕೇಳಿತು. ಅವನು ಹಾಗೆಯೇ ಕೂತ. ಯಾರು ಹೋಗಿ ಹಳೇ ಪೇಪರ್ ಎತ್ತಿ ನೋಡ್ತಾರೆ ಎಂದು ಸಮಾಧಾನ ಮಾಡಿಕೊಂಡ.

"ನಿಮ್ಮನೆಯವ್ರು ಒಳಗಿದಾರಾ?" ಎದುರಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದಳು. ಬಸವೇಶ್ವರನಗರದಿಂದ ಮಗ ಸೊಸೆಯನ್ನು ಕರೆದುಕೊಂಡು ಬಂದವಳು. ಬೆಳಗ್ಗೆಯಿಂದ ಹಾಲಿನಲ್ಲಿ ಎಲ್ಲರ ಕಥೆಯನ್ನೂ ಕೇಳಿ ಮುಗಿಸಿದ್ದಳು.

"ಇಲ್ಲ ಆಂಟಿ, ನಾನು ಬೇರೆಯವ್ರ ಜೊತೆ ಬಂದಿದೀನಿ."

ಇದು ಎರಡನೇ ಸಲ. ಬಾಗಿಲಾಚೆ ದಿವ್ಯಳನ್ನು ಮಂಪರಿನಲ್ಲಿ ಮಲಗಿಸಿದ್ದಾರೆ, ನಾನಿಲ್ಲಿ ಅವಳ ಗಂಡನೇ ಅಲ್ಲ ಎನ್ನುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಹೊಳೆದರೂ ಸುಮ್ಮನಿದ್ದ.

ಮುತ್ತುರಾಜ ಹೊರಗೆ ಬಂದ. ಅಷ್ಟು ಸಲೀಸಾಗಿ ಮಾತಾಡಿದ್ದವನಿಗೂ ಈಗ ನಾಚಿಕೆ ಹತ್ತಿತ್ತು. ಡಬ್ಬಿಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು, ತಲೆ ತಗ್ಗಿಸಿಕೊಂಡು ಕಿಟಕಿಗೆ ಹೋದ. ಹಲಗೆಯ ಮೇಲೆ ಮೊದಲು ಕೈ ಇಟ್ಟ. ಹಸಿರು. ಆಮೇಲೆ ಡಬ್ಬಿ ಇಟ್ಟ.

ಕೆಂಪು ಲೈಟು ಹತ್ತಿತು. ಜೊತೆಗೆ ಕಿವಿ ಹರಿಯುವಂಥ ಕೂಗು. ಹಾಲಿನಲ್ಲಿದ್ದವರೆಲ್ಲ ಒಟ್ಟಿಗೇ ತಲೆ ಎತ್ತಿದರು.

"ಏನ್ ಮಾಡಿದ್ಯೋ ತಮ್ಮಾ? ಇದು ನಿಂದಲ್ಲ!" ದುರ್ಗವ್ವನ ದನಿ ಆ ಕೂಗಿನ ಮೇಲೇರಿತು. "ಬ್ಯಾರೆಯವರ ಡಬ್ಬಿ ನಿನ್ನ ಕೈಯಾಗ ಹೆಂಗ ಬಂತು?"

"ನಂದ ಐತಲ್ರಿ! ಈಗ ತಂದೆನ್ರಿ, ಒಳಗಿಂದ."

"ನಂದ ಅಂದ್ರ ಮಷೀನ್ ಯಾಕ ಒದರತೈತಿ? ನಮ್ಮ ಕಡೆ ಹುಡುಗ, ಶ್ಯಾಣ್ಯಾ ಅದಾನ ಅಂತ ತಿಳಿದಿದ್ದೆ."

"ಅಯ್ಯೋ ದೇವ್ರೇ," ಎಂದು ಬಸವೇಶ್ವರನಗರದ ಹೆಂಗಸು ಎದ್ದು ನಿಂತಳು, "ಯಾರ್ ಮಗೂನ ಯಾರ್ ಹೊಟ್ಟೆಗೆ ಹಾಕಕ್ಕೆ ಹೊರಟಿದ್ದ ಇವ್ನು?"

"ಕೆಲವ್ರು ಬೇಕಂತ್ಲೇ ಮಾಡ್ತಾರಮ್ಮ," ಎಂದ ಅವಳ ಮಗ. "ಸೆಕ್ಯೂರಿಟಿನ ಕರೀರಿ ಸಿಸ್ಟರ್. ಇಂಥವ್ರನ್ನ ಸುಮ್ನೆ ಬಿಡಬಾರ್ದು."

ಮುತ್ತುರಾಜ ಆ ಕಡೆ ನೋಡಿದ, ಈ ಕಡೆ ನೋಡಿದ. "ಕೈ ತೊಳಿಯಾಕ ಅಲ್ಲೇ ಕಲ್ಲಮ್ಯಾಲ ಇಟ್ಟಿದ್ದೆನ್ರಿ. ಯಾರರ ಬಾಗಲಾ ಬಡದು ತಗಸಿದ್ರ ಕಾಣ್ತೈತಿ ಅಂತ ಅಲ್ಲಿದ್ದ ಪೇಪರಿನ ಅಂಚಿನ ಅಡಿ ಸರಿಸಿದ್ದೆ. ಪೇಪರ್ ಅಡಿ ಕೈ ಹಾಕಿ ಸಿಕ್ಕಿದ್ದನ್ನ ತಗೊಂಡ ಬಂದೀನ್ರಿ," ಎಂದು ಹೇಳುತ್ತ ಹೇಳುತ್ತ ಅವನ ಕಣ್ಣು ಭೈರೇಶನನ್ನು ಹುಡುಕಿ ಹಿಡಿಯಿತು. ಇಡೀ ಹಾಲಿನಲ್ಲಿ ಅವನಿಗೆ ಗೊತ್ತಿದ್ದ ಮುಖ ಅದೊಂದೇ.

"ಅಣ್ಣಾರ, ನೀವರ ಹೇಳ್ರಿ. ನಾ ಅಂಥಾವಲ್ಲಂತ."

ಹಾಲೆಲ್ಲ ಭೈರೇಶನ ಕಡೆ ತಿರುಗಿತು. ಇದೇ ಹೊತ್ತು, ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂದು ಒಳಗೆ ಯಾರೋ ನೂಕಿದ ಹಾಗಾಯಿತು. ಅವನು ಬಾಯಿ ತೆರೆದ.

"ಒಳ್ಳೆ ಹುಡುಗ ಸಿಸ್ಟರ್," ಎಂದ. "ನಮ್ಮನೇಲೇ ಬಾಡಿಗೆಗಿರೋದು. ಯಾರ ತಂಟೆಗೂ ಹೋಗೋನಲ್ಲ."

ಅಷ್ಟು ಹೇಳಿ ಕೂತ.

ದುರ್ಗವ್ವ ಕಂಪ್ಯೂಟರ್ ಪರದೆ ನೋಡಿದರು. ಪರದೆಯಿಂದ ಕಣ್ಣೆತ್ತಿ ಭೈರೇಶನ ಮುಖ ನೋಡಿದರು. ಆಮೇಲೆ ಅವನ ಮಣಿಕಟ್ಟು. ಬೆಳಗ್ಗೆ ತಾವೇ ಬ್ಯಾಂಡ್ ಕಟ್ಟಿದ್ದ ಕೈ ಬರಿದಾಗಿತ್ತು. "ಸಾಹೇಬ್ರ..." ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಳಕ್ಕೆ ಹೋದರು. ಬಯ್ದಿದ್ದರೇ ವಾಸಿಯಿತ್ತು ಎನ್ನಿಸಿತು ಭೈರೇಶನಿಗೆ.

ಕೀರ್ತನಾ ಮೇಡಂ ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ಹೊರಗೆ ಬಂದರು. ಮೊದಲು ಕೂಗು ನಿಲ್ಲಿಸಿದರು. ಮುತ್ತುರಾಜನನ್ನು ಕೇಳಿದರು: "ನೀವು ಪೇಪರ್ ಅಡಿ ಇಟ್ಟ ಡಬ್ಬಿ ಈಗಲೂ ಅಲ್ಲೇ ಇರ್ಬೇಕಲ್ವಾ?" ದುರ್ಗವ್ವ ಹೋಗಿ ನೋಡಿಕೊಂಡು ಬಂದು ಇದೆಯೆಂದು ತಲೆಯಾಡಿಸಿದರು.

"ಅಂದ್ರೆ ಇವರು ಹೋಗೋಕ್ಮುಂಚೆನೇ ಅಲ್ಲಿ ಒಂದಿತ್ತು," ಎಂದು ಮೇಡಂ ಹಾಲಿಗೆಲ್ಲ ಕೇಳುವ ಹಾಗೆ ಹೇಳಿದರು. "ಅದು ಯಾರದು ಅಂತ ನನ್ನ ಸ್ಕ್ರೀನ್ ಮೇಲಿದೆ. ಹೆಸರು ಕೂಗೋ ಪದ್ಧತಿ ನಮ್ಮಲ್ಲಿಲ್ಲ, ಕೂಗಲ್ಲ. ಅವ್ರೇ ಬಂದ್ರೆ ಒಳ್ಳೇದು. ಒಳಗೆ ಅವರ ಮನೆಯವ್ರ ಎಗ್ಸ್ ತೆಗೆದಾಯ್ತು. ಕಾಯ್ತಾ ಇದೀವಿ."

ಯಾರೂ ಏಳಲಿಲ್ಲ. ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುತ್ತುರಾಜ ಕಿಟಕಿಯ ಪಕ್ಕದಲ್ಲಿ ನಿಂತೇ ಇದ್ದ. ಬೆರಳಿನಿಂದ ಬ್ಯಾಂಡನ್ನು ಸುತ್ತಿಸುತ್ತಿದ್ದ. ಯಾರೂ ಹೊಡೆದಿರಲಿಲ್ಲ, ಆದರೂ ಹೊಡೆಸಿಕೊಂಡವನ ಹಾಗಿತ್ತು ಮುಖ.

ಇವನೊಬ್ಬ ಕೆಳಗೆ ಇಳಿದು ಹೋಗಲಿ, ಆಮೇಲೆ ಮೇಡಂ ಹತ್ತಿರ ಗುಟ್ಟಾಗಿ ಹೇಳೋಣ ಎಂದು ಭೈರೇಶ್ ಇನ್ನೂ ಲೆಕ್ಕ ಹಾಕುತ್ತಿದ್ದ. ಆಗ ಆ ಹೆಂಗಸು ಮಗನ ಕಿವಿಯಲ್ಲಿ ಹೇಳುವ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಯಾವನೋ ಮಹಾರಾಯ. ಹೆಂಡ್ತಿ ಒಳಗೆ ಬಿದ್ದಿದಾಳೆ, ಇವ್ನು ಇಲ್ಲಿ ಅವಿತ್ಕೊಂಡಿದಾನೆ."

ಭೈರೇಶ್ ಎದ್ದ. ಕಿಟಕಿಯ ತನಕ ಇದ್ದದ್ದು ಎರಡೇ ಹೆಜ್ಜೆ. ತನ್ನ ಚಪ್ಪಲಿಯ ಸದ್ದು ತನಗೇ ದೊಡ್ಡದಾಗಿ ಕೇಳಿಸಿತು. ಜೇಬಿನಿಂದ ಬ್ಯಾಂಡ್ ತೆಗೆದ. ಅದಕ್ಕೊಂದು ಪಾರ್ಕಿಂಗ್ ಚೀಟಿ ಅಂಟಿಕೊಂಡು ಬಂತು. ಅದನ್ನು ಬಿಡಿಸಿ ಬ್ಯಾಂಡನ್ನು ಹಲಗೆಯ ಮೇಲೆ, ಡಬ್ಬಿಯ ಪಕ್ಕಕ್ಕೆ ಇಟ್ಟ.

ಹಸಿರು ಹತ್ತಿತು.

"ನಂದು," ಎಂದ. "ನಾನೇ ಮುಚ್ಚಿಟ್ಟಿದ್ದು. ಇವ್ನದೇನೂ ತಪ್ಪಿಲ್ಲ."

ಮುತ್ತುರಾಜ ಅವನನ್ನು ಒಂದು ಸಲ ನೋಡಿ ನೆಲ ನೋಡಿದ. ನಾಚಿಕೆ ಪಟ್ಟುಕೊಂಡದ್ದೂ ಅವನೇ, ಓನರಿನ ಪರವಾಗಿ.

ಕೀರ್ತನಾ ಮೇಡಂ ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ದನಿ ಏರಿಸದೆ ಹೇಳಿದರು. ಎರಡು ಡಬ್ಬಿಯನ್ನೂ ಎಸೆಯಬೇಕು. ಇಬ್ಬರೂ ಮತ್ತೆ ಕೊಡಬೇಕು.

"ಮೇಡಂ, ನಂದು ಚೆಲ್ಬಿಡಿ. ಅವನದು ಇಟ್ಕೊಳಿ. ಅವನೇನು ಮಾಡಿದಾನೆ ಪಾಪ?" ಎಂದ ಭೈರೇಶ್.

"ನಂದು ಯಾರೂ ಮುಟ್ಟಿಲ್ಲಲ್ರಿ ಮೇಡಂ," ಎಂದ ಮುತ್ತುರಾಜನೂ.

"ಮುಟ್ಟಿಲ್ಲ ಅಂತ ನೀವು ಹೇಳ್ತೀರ, ನಾನೂ ನಂಬ್ತೀನಿ. ಆದ್ರೆ ಎರಡೂ ಒಂದೇ ಪೇಪರ್ ಅಡಿ ಇದ್ದವು, ನೋಡೋಕೆ ಯಾರೂ ಇರ್ಲಿಲ್ಲ. ನಾನು ನಂಬಿದೀನಿ ಅನ್ನೋದು ನಾಳೆ ಹುಟ್ಟೋ ಮಗೂಗೆ ಸಾಕಾಗಲ್ಲ." ಮೇಡಂ ಭೈರೇಶನ ಕಡೆ ನೋಡಿದರು. "ಅವತ್ತು ಇದನ್ನೇ ಹೇಳಿದ್ದೆ ಸಾರ್. ನೀವು ಹೂಂ ಅಂದಿದ್ರಿ."

ಭೈರೇಶನದು ಮೊದಲೇ ಕಡಿಮೆ. ಎರಡನೇ ಸಲಕ್ಕೆ ಇನ್ನೂ ಕಡಿಮೆ ಇರುತ್ತದೆ ಎಂದು ಗೊತ್ತಿತ್ತು. ಏನೂ ಸಿಗದೇ ಹೋದರೆ ಏನು ಎಂದು ಕೇಳಿದ. "ಹುಡುಕ್ತೀವಿ. ನಮಗೆ ಬೇಕಾಗಿರೋದು ಕೆಲವೇ. ಸಂಜೆವರೆಗೂ ಟೈಮಿದೆ. ಹೋಗಿ ಏನಾದ್ರೂ ತಿಂದು, ಸ್ವಲ್ಪ ಕೂತ್ಕೊಂಡು ಬನ್ನಿ," ಎಂದರು.

ಇಬ್ಬರೂ ಕೆಳಗಿಳಿದು ಪಕ್ಕದ ದರ್ಶಿನಿಯಲ್ಲಿ ಕಾಫಿ ತೆಗೆದುಕೊಂಡು ಪ್ಲೈವುಡ್ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತರು. ಡಾ. ರಾಜ್‌ಕುಮಾರ್ ರಸ್ತೆಯ ಗಾಡಿಗಳ ಸದ್ದು ಮಾತು ತಪ್ಪಿಸಲು ಅನುಕೂಲವಾಗಿತ್ತು.

"ನಾ ಏನ್ ಅನ್ಕೋತೀನಿ ಅಂತ ಅಂಜಿದ್ರಿ ಅಣ್ಣಾರ?" ಕೊನೆಗೆ ಮುತ್ತುರಾಜನೇ ಕೇಳಿದ.

"ಗೊತ್ತಿಲ್ಲ ಕಣಪ್ಪ."

"ನಾವು ಮ್ಯಾಲಿನ ಮನ್ಯಾಗ ಮಾತಾಡ್ತಿರ್ತೀವ್ರಿ, ಓನರ್ ಮನ್ಯಾಗೂ ಇನ್ನಾ ತೊಟ್ಲ ಕಟ್ಟಿಲ್ಲಂತ. ಶಿಲ್ಪಾ ನಮ್ಮೂರ ದೇವಿಗೆ ಹರಕಿ ಹೊತ್ತಾಳ್ರಿ. ತನಗೊಂದು, ದಿವ್ಯಕ್ಕಾರಿಗೊಂದು."

ಭೈರೇಶ್ ಖಾಲಿ ಲೋಟವನ್ನು ಹಿಡಿದೇ ಕೂತಿದ್ದ.

"ಅಕಿಗೆ ಇದು ಗೊತ್ತಾಗೋದು ಬ್ಯಾಡ್ರಿ," ಎಂದ ಮುತ್ತುರಾಜ, "ನನಗ ಎಲ್ಲಾರ ಮುಂದ ಬೈದಿದ್ದು. ಅಳತಾಳ."

"ನನ್ನ ಎರಡು ಬೈದ್ಬಿಡೋ ಮುತ್ತು. ಸುಮ್ನೆ ಇರ್ಬೇಡ."

"ಹೆಂಗ್ ಬೈಲ್ರಿ ಅಣ್ಣಾರ?" ಎಂದ ಅವನು. ಎದ್ದು ಇಬ್ಬರ ಲೋಟವನ್ನೂ ತಾನೇ ತೆಗೆದುಕೊಂಡು ಹೋಗಿ ಕೊಟ್ಟು ಬಂದ. ಆಮೇಲೆ ಮೊದಲಿನ ಹಾಗೆ ಹರಟಲಿಲ್ಲ. ಇಬ್ಬರೂ ಮೆಟ್ಟಿಲು ಹತ್ತಿ ಮೇಲಕ್ಕೆ ಬಂದರು.

ದುರ್ಗವ್ವ ಹೊಸ ಬ್ಯಾಂಡ್ ತಂದು ಈ ಸಲ ಕೇಳದೆಯೇ ಬಿಗಿಯಾಗಿ ಕಟ್ಟಿದರು. "ಕೆರೆತ ಬಂದ್ರ ಬರ್ಲಿ. ಭ್ರೂಣ ಒಳಗ ಇಡೋ ದಿನದ ತನಕ ಬಿಚ್ಚಂಗಿಲ್ಲ. ಸ್ನಾನಕ್ಕೂ ಇದ, ಊಟಕ್ಕೂ ಇದ."

"ಆಯ್ತು ಸಿಸ್ಟರ್."

"ಮನಿಗೂ ಇದ," ಎಂದರು, ಅವನ ಮುಖ ನೋಡದೆ.

ಈ ಸಲ ಅವನು ಡಬ್ಬಿಯನ್ನು ಕೈಯಲ್ಲಿ ಮುಚ್ಚಿಕೊಳ್ಳದೆ ಹಾಲು ದಾಟಿದ. ಬಸವೇಶ್ವರನಗರದ ಹೆಂಗಸು ಕಣ್ಣು ಬೇರೆ ಕಡೆಗೆ ತಿರುಗಿಸಿಕೊಂಡಳು. ಕೈ ಇಟ್ಟ, ಹಸಿರು. ಡಬ್ಬಿ ಇಟ್ಟ, ಹಸಿರು. ಆದರೆ ಅವನು ಅಲ್ಲಿಂದ ಕದಲಲಿಲ್ಲ. ಗೋಡೆಗೆ ಒರಗಿ ನಿಂತು ಕಾದ. ಅವನ ಹಿಂದೆಯೇ ಮುತ್ತುರಾಜ ತನ್ನದು ಕೊಟ್ಟು ಶಿಲ್ಪಾಳನ್ನು ನೋಡಲು ಹೋದ. ಬಹಳ ಹೊತ್ತಿನ ಮೇಲೆ ಕಿಟಕಿಯಲ್ಲಿ ಕೀರ್ತನಾ ಮೇಡಂ ಕಣ್ಣು ಕಾಣಿಸಿತು.

"ಇವೆ ಸಾರ್. ಹೆಚ್ಚಿಲ್ಲ. ಸಾಕು."

ದಿವ್ಯಳಿಗೆ ಎಚ್ಚರವಾಗಿತ್ತು. ತುಟಿ ಒಣಗಿತ್ತು. ಮೊದಲು ಕಂಡದ್ದು ಅವನ ಕೈ. "ಲೂಸಾಗಿ ಹಾಕಿಸ್ಕೊಂಡಿದ್ರಲ್ಲ?"

ಅವನು ಎಲ್ಲವನ್ನೂ ಹೇಳಿದ. ಚಿಕ್ಕಮ್ಮನ ಮಗಳ ಕಥೆಯನ್ನೂ, 'ನಮ್ಮನೇಲೇ ಬಾಡಿಗೆಗಿರೋದು' ಎಂದದ್ದನ್ನೂ ಬಿಡಲಿಲ್ಲ. ದಿವ್ಯ ಕಣ್ಣು ಮುಚ್ಚಿಕೊಂಡೇ ಕೇಳಿದಳು. ನಿದ್ದೆ ಬಂತೇನೋ ಎಂದುಕೊಳ್ಳುವಷ್ಟರಲ್ಲಿ ಹೇಳಿದಳು:

"ನಿಮ್ಮ ಬದ್ಲು ಬೈಸ್ಕೊಳೋದು ನಂಗೆ ಅಭ್ಯಾಸ ಆಗಿದೆ ಕಣ್ರೀ. ಪಾಪ, ಆ ಹುಡುಗನಿಗೆ ಹೊಸದು."

ದನಿಯಲ್ಲಿ ಸಿಟ್ಟಿರಲಿಲ್ಲ. ಭೈರೇಶ್ ಅವಳ ಕೈ ಹಿಡಿಯಲು ಹೋಗಿ, ಹಿಡಿಯುವ ಯೋಗ್ಯತೆಯ ಯೋಚನೆ ಬಂದು, ಹೊದಿಕೆ ಸರಿಮಾಡಿದ.

ಶಿಲ್ಪಾಳನ್ನು ಬೈಕಿನಲ್ಲಿ ಕರೆದುಕೊಂಡು ಹೋಗಬಾರದೆಂದು ಸಿಸ್ಟರ್ ಹೇಳಿದ್ದರಿಂದ ನಾಲ್ವರೂ ಭೈರೇಶನ ಕಾರಿನಲ್ಲೇ ಹೊರಟರು. ಹೆಂಗಸರಿಬ್ಬರೂ ಹಿಂದೆ ಕೂತು ಒಬ್ಬರ ಹೆಗಲಿಗೊಬ್ಬರು ತಲೆಯಾನಿಸಿದ್ದರು. ಬಾಪೂಜಿನಗರದ ತಿರುವು ಬಂದಾಗ ಮುತ್ತುರಾಜ ಮುಂದಿನ ಸೀಟಿನಿಂದ ಮೆಲ್ಲಗೆ ಹೇಳಿದ: "ನಮ್ಮನ್ನ ಇಲ್ಲೇ ಇಳಸ್ರಿ ಅಣ್ಣಾರ. ಆಮ್ಯಾಲ ನಡಕೊಂತ ಬರ್ತೀವಿ. ಅಮ್ಮಾರು ನೋಡಿದ್ರ..."

"ನೋಡ್ಲಿ," ಎಂದ ಭೈರೇಶ್. ಕಾರು ಗೇಟಿನ ಮುಂದೆಯೇ ನಿಂತಿತು.

ಬೋರಮ್ಮ ಜಗುಲಿಯ ಮೇಲೆ ದಿನಪತ್ರಿಕೆ ಹರಡಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಎಲೆ ಪುಟ್ಟಿಗೆ, ಬಲಿತ ಕಡ್ಡಿ ಪೇಪರಿನ ಮೇಲೆ. ನಾಲ್ವರೂ ಇಳಿಯುವುದನ್ನು ಕಂಡು ಕನ್ನಡಕ ಮೇಲಕ್ಕೇರಿಸಿದರು.

"ಇದೇನೋ, ಗೃಹಪ್ರವೇಶಕ್ಕೆ ಇವ್ರೂ ಬಂದಿದ್ರಾ? ಯಾಕೆ ಹುಡ್ಗೀರಿಬ್ರೂ ಬಾಡೋಗಿದಾರೆ?" ಎಂದವರ ಕಣ್ಣು ಮಗನ ಕೈಮೇಲೆ ನಿಂತಿತು. ಅವನು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದ್ದ. "ಕೈಗೇನೋ ಅದು?"

"ಆಸ್ಪತ್ರೇಲಿ ಕಟ್ಟಿದ್ರು. ಮಗು ಆಗೋದಕ್ಕೆ ತೋರಿಸ್ಕೊಂಡು ಬಂದ್ವಿ."

"ದಿವ್ಯಂಗೆ ಕಟ್ಟಿದ್ದು ಸರಿ. ನಿಂಗ್ಯಾಕೆ?"

ಮುತ್ತುರಾಜ ಶಿಲ್ಪಾಳ ಕೈ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತಿದ್ದ, ಹತ್ತಲೂ ಆಗದೆ, ನಿಲ್ಲಲೂ ಆಗದೆ. ಅವರು ಹೋಗುವ ತನಕ ತಡೆಯೋಣ ಎಂಬ ಯೋಚನೆ ಭೈರೇಶನಿಗೆ ಮತ್ತೆ ಬಂತು. ಬಂದದ್ದು ಗೊತ್ತಾಗಿ ಮುಖ ಬಿಸಿಯಾಯಿತು.

"ತೊಂದ್ರೆ ಇರೋದು ನಂಗೆ ಕಣಮ್ಮ. ಅವ್ಳಿಗಲ್ಲ. ಮೊದ್ಲಿಂದಾನೂ."

ದಿವ್ಯಳ ಕಡೆ ನೋಡಲು ತಲೆ ಎತ್ತಿದ ಬೋರಮ್ಮ ಅರ್ಧಕ್ಕೇ ಇಳಿಸಿ ಸೊಪ್ಪಿನ ಕಡೆಗೆ ತಿರುಗಿದರು. ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಎಳೆ ಎಲೆಯನ್ನೆಲ್ಲ ಪೇಪರಿನ ಮೇಲೆ ಹಾಕಿದರು, ಬಲಿತ ಕಡ್ಡಿಯನ್ನೆಲ್ಲ ಪುಟ್ಟಿಗೆ ಹಾಕಿದರು. ಮತ್ತೆ ಎಲೆ ಪೇಪರಿಗೆ, ಕಡ್ಡಿ ಪುಟ್ಟಿಗೆ.

ಭೈರೇಶ್ ಚಪ್ಪಲಿ ಬಿಟ್ಟು ತಾಯಿಯ ಎದುರು ಜಗುಲಿಯ ಮೇಲೆ ಕೂತ. ಬ್ಯಾಂಡ್ ಕಟ್ಟಿದ ಕೈಯನ್ನು ಪುಟ್ಟಿಯೊಳಗಿಟ್ಟು ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ತೆಗೆಯತೊಡಗಿದ.